ಮಣಿಪಾಲ ವಿಶ್ವವಿದ್ಯಾಲಯ ಶುರುವಾದದ್ದು ಹೇಗೆ? ವಿದೇಶದಲ್ಲಿ ಓದಿದ ಮಕ್ಕಳನ್ನು ಅಲ್ಲಿಗೆ ಸೇರಿಸುವುದು ಹೇಗೆ?

ದುಬೈಯಲ್ಲಿ ಹನ್ನೆರಡನೇ ತರಗತಿ ಓದುತ್ತಿರುವ ನಿಮ್ಮ ಮಗಳಿಗೂ ಅವಳ ಜೊತೆ ಓದುವ ಕೀನ್ಯಾದ ಗೆಳತಿಗೂ ಮಣಿಪಾಲ ಆಗುತ್ತದೆಯೇ ಎಂದು ಕೇಳಿದ್ದೀರಿ. ಆಗುತ್ತದೆ. ಆದರೆ ಇಬ್ಬರ ದಾರಿ ಒಂದೇ ಅಲ್ಲ.

ಮೊದಲು ಹುಟ್ಟಿನ ವಿಷಯ, ಏಕೆಂದರೆ ಇವತ್ತಿನ ಶುಲ್ಕದ ಬೇರು ಅಲ್ಲೇ ಇದೆ. 1953ರಲ್ಲಿ ಡಾ. ಟಿ.ಎಂ.ಎ. ಪೈ ಕಸ್ತೂರಬಾ ಮೆಡಿಕಲ್ ಕಾಲೇಜು ಶುರುಮಾಡಿದಾಗ ಮಣಿಪಾಲ ಎಂದರೆ ಬೋಳು ಮುರಕಲ್ಲಿನ ಗುಡ್ಡ. ಅದಕ್ಕೂ ಮೊದಲು, 1925ರಲ್ಲಿ, ಅವರು ಅಣ್ಣ ಉಪೇಂದ್ರ ಪೈ ಮತ್ತು ವಾಮನ ಕುಡ್ವರ ಜೊತೆ ಉಡುಪಿಯಲ್ಲಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ ಕಟ್ಟಿದ್ದರು. ದಿನಕ್ಕೆ ಎರಡಾಣೆ ಕಟ್ಟಿಸಿಕೊಳ್ಳುವ ಪಿಗ್ಮಿ ಠೇವಣಿ ಅಲ್ಲಿಂದಲೇ ಬಂತು. ಸರ್ಕಾರದ ನೆರವಿಗೆ ಕಾದು ಕೂರದೆ ಜನರ ದುಡ್ಡಿನಿಂದಲೇ ಸಂಸ್ಥೆ ನಡೆಸುವ ಅದೇ ಧೈರ್ಯ ಕಾಲೇಜಿಗೂ ಬಂತು. ವಿದ್ಯಾರ್ಥಿಗಳ ಶುಲ್ಕದ ಮೇಲೆ ನಡೆಯುವ ಖಾಸಗಿ ಮೆಡಿಕಲ್ ಕಾಲೇಜು ದೇಶದಲ್ಲಿ ಅದೇ ಮೊದಲನೆಯದು. ಮಣಿಪಾಲದಲ್ಲಿ ಆಗ ದೊಡ್ಡ ಆಸ್ಪತ್ರೆ ಇರಲಿಲ್ಲ, ಹಾಗಾಗಿ ರೋಗಿಗಳನ್ನು ನೋಡುತ್ತಾ ಕಲಿಯುವ ಪಾಠ ಮಂಗಳೂರಿನ ಸರ್ಕಾರಿ ವೆನ್ಲಾಕ್ ಆಸ್ಪತ್ರೆಯಲ್ಲಿ ನಡೆಯಿತು. ಖಾಸಗಿ ಕಾಲೇಜಿಗೆ ಸರ್ಕಾರಿ ಆಸ್ಪತ್ರೆಯ ಬಾಗಿಲು ತೆರೆಸಿದ್ದು ಸಣ್ಣ ಮಾತಲ್ಲ. 1957ರಲ್ಲಿ ಎಂಜಿನಿಯರಿಂಗ್ ಕಾಲೇಜು, 1961ರಲ್ಲಿ ಕಸ್ತೂರಬಾ ಆಸ್ಪತ್ರೆ, 1993ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯದ, ಅಂದರೆ ತನ್ನದೇ ಪದವಿ ಕೊಡುವ ಸಂಸ್ಥೆಯ, ಮಾನ್ಯತೆ.

ಇನ್ನು ಪ್ರವೇಶ. ಮಗಳ ಕೈಯಲ್ಲಿರುವುದು ಯಾವ ಪಾಸ್‌ಪೋರ್ಟ್ ಎಂಬುದನ್ನು ಮೊದಲು ನೋಡಿ. ಭಾರತದ್ದಾದರೆ ದುಬೈಯಲ್ಲೇ ಹುಟ್ಟಿ ಬೆಳೆದಿದ್ದರೂ ಅವಳು ವಿದೇಶಿ ವಿದ್ಯಾರ್ಥಿಯಲ್ಲ. ವೀಸಾ ಬೇಡ, ಸಾಮಾನ್ಯ ಸೀಟಿಗೂ ಹಕ್ಕಿದೆ, ಎನ್‌ಆರ್‌ಐ ಸೀಟಿಗೂ ಹಕ್ಕಿದೆ. ಎನ್‌ಆರ್‌ಐ ಶುಲ್ಕ ಡಾಲರ್‌ನಲ್ಲಿ, ಸಾಮಾನ್ಯ ಸೀಟಿಗಿಂತ ಬಹಳ ಹೆಚ್ಚು. "ನಾವು ಗಲ್ಫ್‌ನವರು, ನಮಗೆ ಎನ್‌ಆರ್‌ಐ ಸೀಟೇ ಗತಿ" ಎಂದುಕೊಂಡು ಎಷ್ಟೋ ಮನೆಯವರು ಸುಮ್ಮನೆ ದುಪ್ಪಟ್ಟು ದುಡ್ಡು ಸುರಿಯುತ್ತಾರೆ. ಬಿ.ಟೆಕ್‌ಗೆ ಸಾಮಾನ್ಯ ವರ್ಗದಲ್ಲಿ ಮಣಿಪಾಲದ್ದೇ ಪ್ರವೇಶ ಪರೀಕ್ಷೆ 'ಮೆಟ್' ಬರೆಯಬೇಕು. ವಿದೇಶಿ ಮತ್ತು ಎನ್‌ಆರ್‌ಐ ವರ್ಗಕ್ಕೆ ಹನ್ನೆರಡನೇ ತರಗತಿಯ ಅಂಕವೇ ಆಧಾರ.

ಎಂಬಿಬಿಎಸ್ ಆದರೆ ಯಾರಿಗೂ ಅಡ್ಡದಾರಿ ಇಲ್ಲ. ಇಬ್ಬರೂ ನೀಟ್ ಬರೆಯಲೇಬೇಕು. ಸೀಟು ಹಂಚುವುದು ಕಾಲೇಜಲ್ಲ, ಕೇಂದ್ರದ ವೈದ್ಯಕೀಯ ಕೌನ್ಸೆಲಿಂಗ್ ಸಮಿತಿ ಎಂಸಿಸಿ, ಅದೂ ಸುತ್ತು ಸುತ್ತಾಗಿ. ನೇರ ಸೀಟು ಕೊಡಿಸುತ್ತೇವೆ ಎನ್ನುವ ಏಜೆಂಟರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಡೀಮ್ಡ್ ಕಾಲೇಜುಗಳಿಗೆ ಇತ್ತೀಚಿನ ವರ್ಷಗಳಲ್ಲಿ ನೋಂದಣಿ 5,000 ರೂಪಾಯಿ, ಠೇವಣಿ 2 ಲಕ್ಷ. ಎರಡನೇ ಸುತ್ತಿನಲ್ಲಿ ಸಿಕ್ಕ ಸೀಟಿಗೆ ಸೇರದಿದ್ದರೆ ಆ ಠೇವಣಿ ಹೋಯಿತು, ಆದ್ದರಿಂದ ಸೇರುವ ಮನಸ್ಸಿರುವ ಕಾಲೇಜುಗಳನ್ನು ಮಾತ್ರ ಪಟ್ಟಿಗೆ ಹಾಕಿ. ಎನ್‌ಆರ್‌ಐ ಸೀಟು ಬೇಕಿದ್ದರೆ ಪ್ರಾಯೋಜಕರ, ಅಂದರೆ ಖರ್ಚು ಹೊರುವ ಎನ್‌ಆರ್‌ಐ ಬಂಧುವಿನ, ಪಾಸ್‌ಪೋರ್ಟ್, ಸಂಬಂಧದ ದಾಖಲೆ, ಅಫಿಡವಿಟ್ ಇವನ್ನು ಎಂಸಿಸಿ ಹೇಳಿದ ದಿನದೊಳಗೆ ಕಳಿಸಿ. ಆ ದಿನ ತಪ್ಪಿದರೆ ಆ ಸೀಟುಗಳನ್ನು ಆಯ್ದುಕೊಳ್ಳಲು ಆಗುವುದಿಲ್ಲ.

ದುಬೈಯ ಸಿಬಿಎಸ್‌ಇ ಶಾಲೆಯಾದರೆ ಅಂಕಪಟ್ಟಿಯ ತಲೆನೋವಿಲ್ಲ. ಕೇಂಬ್ರಿಜ್ ಅಥವಾ ಐಬಿ ಎಂಬ ಅಂತರರಾಷ್ಟ್ರೀಯ ಪಠ್ಯಕ್ರಮ ಆದರೆ ಭಾರತೀಯ ವಿಶ್ವವಿದ್ಯಾಲಯಗಳ ಒಕ್ಕೂಟ ಎಐಯು ಕೊಡುವ ಸಮಾನತಾ ಪ್ರಮಾಣಪತ್ರ ಕೇಳುತ್ತಾರೆ. ಎಂಬಿಬಿಎಸ್ ಆಸೆಯಿದ್ದರೆ ಭೌತ, ರಸಾಯನ, ಜೀವಶಾಸ್ತ್ರ ಮೂರನ್ನೂ ಕೇಂಬ್ರಿಜ್‌ನ ಕೊನೆಯ ಹಂತವಾದ ಎ ಲೆವೆಲ್‌ವರೆಗೆ ಓದಲಿ. ಒಂದನ್ನು ಅದರ ಅರ್ಧದ ಹಂತವಾದ ಎಎಸ್‌ಗೇ ಬಿಟ್ಟವರು ಇಲ್ಲಿ ಸಿಕ್ಕಿಬೀಳುತ್ತಾರೆ. ಕೇಂಬ್ರಿಜ್ ಫಲಿತಾಂಶ ಬರುವುದೇ ಆಗಸ್ಟ್‌ನಲ್ಲಿ, ಅದನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಿ.

ಗೆಳತಿಗೆ ಸ್ಟೂಡೆಂಟ್ ವೀಸಾ ಬೇಕು, ಅದಕ್ಕೆ ಪ್ರವೇಶ ಪತ್ರ ಬೇಕು. ಟೂರಿಸ್ಟ್ ವೀಸಾದಲ್ಲಿ ಬಂದು ಇಲ್ಲಿ ಬದಲಾಯಿಸಿಕೊಳ್ಳೋಣ ಎಂದರೆ ನಡೆಯುವುದಿಲ್ಲ, ವಾಪಸ್ ಹೋಗಬೇಕಾಗುತ್ತದೆ. ವೀಸಾ 180 ದಿನಕ್ಕಿಂತ ಹೆಚ್ಚಿನದಾದರೆ ಬಂದ 14 ದಿನದೊಳಗೆ ವಿದೇಶಿಯರ ನೋಂದಣಿಯ ಸರ್ಕಾರಿ ಜಾಲತಾಣ ಇ-ಎಫ್‌ಆರ್‌ಆರ್‌ಒದಲ್ಲಿ ನೋಂದಾಯಿಸಬೇಕು. ಇಲ್ಲಿ ಓದುತ್ತಿದ್ದಾಳೆ ಎಂದು ಕಾಲೇಜು ಕೊಡುವ ಬೋನಫೈಡ್ ಪತ್ರ ಮತ್ತು ವಾಸದ ದಾಖಲೆ ಮೊದಲ ವಾರದಲ್ಲೇ ಕೈಗೆ ಬರಲಿ. ಕ್ಯಾಂಪಸ್ ಹಾಸ್ಟೆಲ್‌ನಲ್ಲಿದ್ದರೆ ಬಂದವರ ಮಾಹಿತಿಯನ್ನು ಹಾಸ್ಟೆಲ್‌ನವರೇ 24 ಗಂಟೆಯೊಳಗೆ ಸಲ್ಲಿಸುತ್ತಾರೆ. ಹೊರಗೆ ಬಾಡಿಗೆ ಮನೆ ಹಿಡಿದರೆ ಅದು ಮಾಲೀಕರ ಹೊಣೆ, ಅನೇಕರಿಗೆ ಅದು ಗೊತ್ತೇ ಇರುವುದಿಲ್ಲ. ನೋಂದಣಿ ತಡವಾಗುವುದು ಹೀಗೆಯೇ. ಮೊದಲ ವರ್ಷ ಹಾಸ್ಟೆಲ್ ಸಾಕು ಎನ್ನುವುದು ನನ್ನ ಸಲಹೆ. ಈ ವೀಸಾದಲ್ಲಿ ಪಾರ್ಟ್ ಟೈಮ್ ಕೆಲಸಕ್ಕೂ ಅವಕಾಶವಿಲ್ಲ, ಖರ್ಚಿನ ಲೆಕ್ಕದಲ್ಲಿ ಆ ಆದಾಯ ಸೇರಿಸಬೇಡಿ. ಕೀನ್ಯಾದಿಂದ ಬರುವವರಿಗೆ ಹಳದಿ ಜ್ವರದ ಲಸಿಕೆಯ ಕಾರ್ಡ್ ಕಡ್ಡಾಯ. ಲಸಿಕೆ ಹಾಕಿಸಿ ಕನಿಷ್ಠ 10 ದಿನ ಆಗಿರಬೇಕು, ಇಲ್ಲವಾದರೆ ವಿಮಾನ ನಿಲ್ದಾಣದಿಂದ ನೇರ ಕ್ವಾರಂಟೈನ್. ರಜೆಗೆ ಊರಿಗೆ ಹೋಗಿ ಬರುವಾಗಲೂ ಅದೇ ನಿಯಮ.

ವೈದ್ಯಕೀಯ ಓದುವ ಇಬ್ಬರಿಗೂ ಕನ್ನಡ ಬೇಕೇ ಬೇಕು. ಪಾಠ ಇಂಗ್ಲಿಷಿನಲ್ಲಿ ನಡೆದರೂ ವಾರ್ಡಿನಲ್ಲಿ ರೋಗಿಗಳು ಮಾತಾಡುವುದು ಕನ್ನಡ, ತುಳು, ಕೊಂಕಣಿ. ನಿಮ್ಮ ಮಗಳು ಮನೆಯಲ್ಲಿ ಕನ್ನಡ ಮಾತಾಡುತ್ತಿದ್ದರೆ ಅದು ಅವಳ ದೊಡ್ಡ ಬಲ. ಮುಂದೆ ವೈದ್ಯರಾಗಿ ಅಮೆರಿಕಕ್ಕೆ ಹೋಗುವ ಯೋಚನೆ ಇದ್ದರೆ, ಭಾರತದ ರಾಷ್ಟ್ರೀಯ ವೈದ್ಯಕೀಯ ಆಯೋಗಕ್ಕೆ 2023ರಲ್ಲಿ ವಿಶ್ವ ವೈದ್ಯಕೀಯ ಶಿಕ್ಷಣ ಒಕ್ಕೂಟದ ಮಾನ್ಯತೆ 10 ವರ್ಷಕ್ಕೆ ಸಿಕ್ಕಿದೆ, ಆ ಬಾಗಿಲು ತೆರೆದೇ ಇದೆ.

ಹೆಸರಿನ ವಿಷಯದಲ್ಲೂ ಎಚ್ಚರ ಇರಲಿ. ಸಿಕ್ಕಿಂ ಮಣಿಪಾಲ ಮತ್ತು ಜೈಪುರದ ಮಣಿಪಾಲ ಆಯಾ ರಾಜ್ಯಗಳ ಕಾನೂನಿನಡಿ ಹುಟ್ಟಿದ ಬೇರೆಯೇ ವಿಶ್ವವಿದ್ಯಾಲಯಗಳು, ಅವುಗಳ ಪದವಿ ಬೇರೆ. ದುಬೈ ಕ್ಯಾಂಪಸ್ ಮಾತ್ರ ನಮ್ಮ ಮಣಿಪಾಲದ್ದೇ, ಆದರೆ ಅಲ್ಲಿ ಎಂಬಿಬಿಎಸ್ ಇಲ್ಲ. ಎಂಜಿನಿಯರಿಂಗ್ ಓದುವ ಯೋಚನೆಯಾದರೆ ದುಡ್ಡು ಕಟ್ಟುವ ಮುಂಚೆ ಮಣಿಪಾಲ, ದುಬೈ ಎರಡೂ ಕಡೆಯ ಒಟ್ಟು ಖರ್ಚನ್ನು ಹಾಸ್ಟೆಲ್, ಊಟ, ಪ್ರಯಾಣ ಸೇರಿಸಿ ಒಮ್ಮೆ ಪಕ್ಕಪಕ್ಕ ಬರೆದು ನೋಡಿ.