ಫುಲ್ ಫೇಸ್ ಮಾಸ್ಕ್: ಗಾಳಿ ನಿಂತರೆ?

ಪ್ರಶ್ನೆ: ಮಾರ್ಕೋನಹಳ್ಳಿ ಜಲಾಶಯದ ಕೆಸರು ನೀರಿಗೆ ಫುಲ್ ಫೇಸ್ ಮಾಸ್ಕ್ (ಇಡೀ ಮುಖ ಮುಚ್ಚುವ, ಒಳಗೇ ಉಸಿರಾಡುವ ಡೈವಿಂಗ್ ಮುಖವಾಡ) ಹಾಕಿ ಇಳಿಯುತ್ತೇವೆ. ಒಳಗೆ ಗಾಳಿ ಬರುವುದು ನಿಂತರೆ ಏನು ಮಾಡಬೇಕು?
– ಓದುಗರು, ಕುಣಿಗಲ್

ಉತ್ತರ: ತಕ್ಷಣ ಮಾಸ್ಕ್ ಕೀಳಬೇಡಿ. ಬದಲಿ ರೆಗ್ಯುಲೇಟರ್ (ಸಿಲಿಂಡರ್ ಗಾಳಿಯನ್ನು ಬಾಯಿಗೆ ಕೊಡುವ ಸಾಧನ) ಗದ್ದದ ಕೆಳಗೆ ರಬ್ಬರ್ ಕುಣಿಕೆಯಲ್ಲಿ ನೇತಾಡುತ್ತಿರಬೇಕು. ಮೊದಲು ಅದನ್ನು ಬಲಗೈಯಲ್ಲಿ ಹಿಡಿಯಿರಿ. ಎಡಗೈಯಿಂದ ಕೆಳಗಿನ ಎರಡು ಪಟ್ಟಿ ಸಡಿಲಿಸಿ, ಗದ್ದದ ಕಡೆಯಿಂದ ಮಾಸ್ಕ್ ಕಳಚಿ, ರೆಗ್ಯುಲೇಟರ್ ಬಾಯಿಗಿಡಿ. ಅದರೊಳಗಿನ ನೀರನ್ನು ಊದಿ ತಳ್ಳಲು ಎದೆಯಲ್ಲಿ ಉಸಿರು ಉಳಿದಿರುವುದಿಲ್ಲ, ಅದಕ್ಕೇ ಗಾಳಿ ಬಿಟ್ಟು ನೀರು ಹೊರಹಾಕುವ ಪರ್ಜ್ ಗುಂಡಿ ಒತ್ತಿ. ಮೂಗಿಗೆ ನೀರು ತಾಗಿದೊಡನೆ ಗಾಬರಿಬೀಳುವುದೇ ನಿಜವಾದ ಅಪಾಯ. ಈಜುಕೊಳದಲ್ಲಿ ಕಣ್ಣು ಮುಚ್ಚಿ ಅಭ್ಯಾಸ ಮಾಡಿ. ತೊಡೆಜೇಬಿನ ಸಾದಾ ಮಾಸ್ಕ್ ಆಮೇಲೆ ಹಾಕಿಕೊಂಡರಾಯಿತು.

ಪಾಸಿಟಿವ್ ಪ್ರೆಷರ್ ಮಾಸ್ಕ್ (ಒಳಗಿನ ಗಾಳಿಯ ಒತ್ತಡ ಹೊರಗಿನ ನೀರಿಗಿಂತ ತುಸು ಹೆಚ್ಚಿರುವಂಥದ್ದು) ಕಳಚಿದರೆ ಗಾಳಿ ಭರ್ರೆಂದು ಸೋರುತ್ತದೆ. 12 ಲೀಟರ್ ಸಿಲಿಂಡರ್‌ನಲ್ಲಿ 200 ಬಾರ್ ಒತ್ತಡವಿದ್ದರೂ ಇರುವ ಗಾಳಿ ಸುಮಾರು 2,400 ಲೀಟರ್ ಅಷ್ಟೇ, ಬೇಗ ಮುಗಿಯುತ್ತದೆ. ಮಾಸ್ಕ್‌ಗೆ ಗಾಳಿ ಬಿಡುವ ಸಿಲಿಂಡರ್ ವಾಲ್ವ್ ಮುಚ್ಚಲೇಬೇಕು, ಹಾಗಾಗಿ ಬದಲಿ ರೆಗ್ಯುಲೇಟರ್ ಬೇರೆ ವಾಲ್ವ್‌ನಲ್ಲಿರಲಿ.