ಸೀಲಿಂಗ್ ಮೇಲಿನ ಕೆಲಸ ನೋಡುವುದು ಹೇಗೆ?

ಪ್ರಶ್ನೆ: ನನ್ನ ಪತಿ ಹೊಸ ಆಸ್ಪತ್ರೆಯೊಂದರ ಹವಾನಿಯಂತ್ರಣದ ಎಂಜಿನಿಯರ್. ಉದ್ಘಾಟನೆಗೆ ಮುಂಚೆ ಮನೆಯವರಿಗೆ ಕಟ್ಟಡ ತೋರಿಸುತ್ತಾರಂತೆ. "ನಮ್ಮ ಕೆಲಸವೆಲ್ಲ ಸೀಲಿಂಗ್ ಮೇಲಿದೆ, ನಿನಗೇನು ಕಾಣುತ್ತೆ?" ಅನ್ನುತ್ತಾರೆ. ನೋಡಲು ಏನೂ ಇಲ್ಲವೇ?
– ಓದುಗರು, ಉಡುಪಿ

ಉತ್ತರ: ಬೇಕಾದಷ್ಟಿದೆ. ಲಾಬಿಯ ಗ್ರಾನೈಟ್ ಯಾರು ಬೇಕಾದರೂ ತೋರಿಸುತ್ತಾರೆ. ನೀವು ಆಪರೇಷನ್ ಥಿಯೇಟರ್ ತೋರಿಸಲು ಕೇಳಿ. ಕೈಯಲ್ಲೊಂದು ಟಿಶ್ಯೂ ಪೇಪರ್ ಇರಲಿ. ಏಸಿ ಓಡುತ್ತಿರುವಾಗ ಬಾಗಿಲು ಮುಚ್ಚಿ, ಹೊರಗೆ ನಿಂತು, ಬಾಗಿಲಡಿಯ ಸಂದಿಗೆ ಅದರ ತೆಳು ಪಟ್ಟಿ ಹಿಡಿಯಿರಿ. ಪಟ್ಟಿ ನಿಮ್ಮತ್ತ ಹಾರಬೇಕು. ಒಳಗಿನ ಒತ್ತಡ ಕಾರಿಡಾರ್‌ಗಿಂತ ಕನಿಷ್ಠ 2.5 ಪಾಸ್ಕಲ್ ಹೆಚ್ಚಿರಬೇಕು, ಆಗಲೇ ಹೊರಗಿನ ದೂಳು ಒಳಗೆ ಬರದು. ಟಿಬಿ ರೋಗಿಗಳ ಐಸೊಲೇಷನ್ ಕೋಣೆಯಲ್ಲಿ ಲೆಕ್ಕ ತಿರುಗುಮುರುಗು: ಪಟ್ಟಿಯನ್ನು ಗಾಳಿ ಒಳಕ್ಕೆ ಸೆಳೆಯಬೇಕು. ಬಾಗಿಲಿಗೆ ಇಟ್ಟಿಗೆಯನ್ನೋ ಸ್ಟೂಲನ್ನೋ ಅಡ್ಡ ಇಟ್ಟರೆ ಎರಡೂ ಕಡೆ ಈ ಒತ್ತಡ ಕ್ಷಣದಲ್ಲಿ ಮಾಯ.

ಥಿಯೇಟರ್ ಒಳಗೆ ಆಪರೇಷನ್ ಮೇಜಿನ ನೇರ ಮೇಲೆ ಗಾಳಿ ಸೋಸುವ ಹೆಪಾ ಫಿಲ್ಟರ್‌ಗಳಿರುತ್ತವೆ; 0.3 ಮೈಕ್ರಾನ್ ಕಣಗಳನ್ನೂ 99.97% ತಡೆಯುತ್ತವೆ. ಗಂಟೆಗೆ ಕನಿಷ್ಠ 20 ಸಲ ಕೋಣೆಯ ಗಾಳಿ ಬದಲಾಗಬೇಕು. ಆ ವೇಗದಲ್ಲಿ ತೇಲುವ ಕಣಗಳಲ್ಲಿ 99% ಹೋಗಲು ಸುಮಾರು 14 ನಿಮಿಷ ಸಾಕು. ಮೇಲಿಂದ ಇಳಿದ ಗಾಳಿ ವಾಪಸ್ ಹೋಗುವುದು ನೆಲದ ಹತ್ತಿರದ ಜಾಲರಿಗಳಿಂದ. ಆಸ್ಪತ್ರೆ ಶುರುವಾದ ಮೇಲೆ ಮೊದಲು ಕೆಡುವುದೂ ಇಲ್ಲೇ: ಯಾರೋ ಔಷಧದ ಟ್ರಾಲಿ ತಂದು ಜಾಲರಿಗೆ ಒರಗಿಸಿ ನಿಲ್ಲಿಸುತ್ತಾರೆ, ಗಾಳಿ ದಾರಿ ತಪ್ಪಿ ಮೇಜಿನ ಬಳಿಯೇ ಸುತ್ತುತ್ತದೆ.

ನಿಮ್ಮ ಕರಾವಳಿಯಲ್ಲಿ ಇನ್ನೊಂದು ಕಾಟ ಮಳೆಗಾಲದ ತೇವ. ಥಿಯೇಟರ್‌ನಲ್ಲಿ ಆರ್ದ್ರತೆ 60% ದಾಟಬಾರದು. ಸೆಕೆ ಎಂದು ಥರ್ಮೋಸ್ಟಾಟ್ ಇಳಿಸಿದರೆ ಕೋಣೆ ತಣ್ಣಗಾಗುತ್ತದೆ, ತೇವ ಮಾತ್ರ ಉಳಿಯುತ್ತದೆ. ಗಾಳಿಯನ್ನು ಹೆಚ್ಚು ತಣಿಸಿ, ನೀರು ಇಳಿಸಿ, ಮತ್ತೆ ಸ್ವಲ್ಪ ಬಿಸಿ ಮಾಡಿ ಬಿಡಬೇಕು. ಆ ಹೀಟರ್ ಇದೆಯೇ ಎಂದು ಪತಿಯನ್ನು ಕೇಳಿ. ಖರ್ಚು ಉಳಿಸಲು ಮೊದಲು ಕೈಬಿಡುವುದು ಅದನ್ನೇ. ಸೀಲಿಂಗ್‌ನಲ್ಲಿ ಕಂದು ಕಲೆ ಕಂಡರೆ ಮೇಲಿನ ಡಕ್ಟ್‌ನ (ಗಾಳಿ ಸಾಗುವ ಕೊಳವೆಯ) ಇನ್ಸುಲೇಷನ್ ಹರಿದು ನೀರು ತೊಟ್ಟಿಕ್ಕುತ್ತಿರಬಹುದು. ರಾತ್ರಿ ಕರೆಂಟ್ ಉಳಿಸಲು ಯಂತ್ರವನ್ನು ಪೂರ್ತಿ ನಿಲ್ಲಿಸುವುದಂತೂ ಬೂಷ್ಟಿಗೆ ಕರೆಯೋಲೆ. ಕಡಿಮೆ ವೇಗದಲ್ಲಿ ಓಡಿಸಲಿ.

ಪ್ರಶ್ನೆ: ಎಂಆರ್‌ಐ ಇನ್ನೂ ಶುರುವಾಗಿಲ್ಲ. ಆ ಕೋಣೆಯೊಳಗೆ ಹೋಗಬಹುದೇ?
– ಅದೇ ಓದುಗರು

ಉತ್ತರ: ರೋಗಿಗಳು ಬಂದಿಲ್ಲ ಎಂದ ಮಾತ್ರಕ್ಕೆ ಅಯಸ್ಕಾಂತ ಸತ್ತಿದೆ ಎಂದಲ್ಲ. ದ್ರವ ಹೀಲಿಯಂನಲ್ಲಿ ಮುಳುಗಿದ ಸುರುಳಿಗೆ ಒಮ್ಮೆ ವಿದ್ಯುತ್ ತುಂಬಿದರೆ, ಕಟ್ಟಡದ ಕರೆಂಟ್ ಹೋದರೂ ಅಯಸ್ಕಾಂತದ ಬಲ (ಸಾಮಾನ್ಯವಾಗಿ 1.5 ಟೆಸ್ಲಾ) ಹಾಗೇ ಇರುತ್ತದೆ. ತುಂಬಿದ್ದಾರೆಯೇ ಎಂದು ಯಂತ್ರ ಕೂರಿಸಿದವರನ್ನೇ ಕೇಳಿ. ತುಂಬಿದ್ದರೆ ಬಾಗಿಲಲ್ಲೇ ನಿಂತು ನೋಡಿ. ಚಿನ್ನದ ತಾಳಿಯನ್ನು ಅದು ಎಳೆಯದು. ಸೆರಗಿನ ಸೇಫ್ಟಿ ಪಿನ್, ಹೇರ್‌ಪಿನ್ ಎಳೆಯುತ್ತದೆ. ಬಾಗಿಲ ಚೌಕಟ್ಟಿನ ಸುತ್ತ ಸಾಲಾಗಿರುವ ತೆಳು ಲೋಹದ ಪಟ್ಟಿಗಳನ್ನು ಮಕ್ಕಳು ಮುಟ್ಟದಂತೆ ನೋಡಿಕೊಳ್ಳಿ. ಹೊರಗಿನ ರೇಡಿಯೋ ಅಲೆಗಳನ್ನು ತಡೆಯುವುದು ಅವೇ. ಒಂದೆರಡು ಬಾಗಿದರೂ ಸ್ಕ್ಯಾನ್ ಚಿತ್ರದಲ್ಲಿ ಗೆರೆಗಳು ಬೀಳಬಹುದು.