ವಿಮಾನದಿಂದ ಬಿಟ್ಟ ಮೂಟೆ ಯಾವುದರ ಹಿಂದೆ ಬೀಳುತ್ತದೆ?

ಪ್ರಶ್ನೆ: ನೇರವಾಗಿ ಒಂದೇ ವೇಗದಲ್ಲಿ ಹಾರುತ್ತಿರುವ ವಿಮಾನದಿಂದ ಮೂಟೆಯೊಂದನ್ನು ಬಿಟ್ಟರೆ ಅದು ಹಿಂದಕ್ಕೆ ಬೀಳುತ್ತದೆ ಎಂದು ನಮ್ಮ ಟ್ಯೂಷನ್‌ನಲ್ಲಿ ಹೇಳಿಕೊಟ್ಟರು. ಪಠ್ಯಪುಸ್ತಕದ ಚಿತ್ರದಲ್ಲಿ ಅದು ಮುಂದಕ್ಕೆ ಬಾಗಿ ಬೀಳುತ್ತದೆ. ವಿಮಾನದೊಳಗಿಂದ ತೆಗೆದ ವಿಡಿಯೊಗಳಲ್ಲಿ ಮೂಟೆ ಹಿಂದೆ ಸರಿಯುವುದೇ ಕಾಣುತ್ತದೆ. ಯಾವುದು ಸರಿ? (ಪ್ರಥಮ ಪಿಯುಸಿ ವಿದ್ಯಾರ್ಥಿನಿ, ಶಿವಮೊಗ್ಗ)

ಉತ್ತರ: ಪಠ್ಯಪುಸ್ತಕ ಸರಿ. ಈ ಪ್ರಶ್ನೆ ಪ್ರತಿ ವರ್ಷವೂ ಹೆಚ್ಚುಕಡಿಮೆ ಇದೇ ಮಾತುಗಳಲ್ಲಿ ನನಗೆ ಬರುತ್ತದೆ. ತಪ್ಪು ಕೇಳುವ ಮಕ್ಕಳದಲ್ಲ; ‘ಹಿಂದಕ್ಕೆ’ ಎಂದು ಹೇಳಿ, ಯಾವುದರ ಹಿಂದಕ್ಕೆ ಎಂಬುದನ್ನು ಹೇಳದೆ ಮುಂದಿನ ಲೆಕ್ಕಕ್ಕೆ ಹೋಗಿಬಿಡುವವರದು. ಬಿಟ್ಟ ಜಾಗದ ಹಿಂದೆ ಬೀಳುವುದು ಬೇರೆ, ವಿಮಾನದ ಹಿಂದೆ ಉಳಿಯುವುದು ಬೇರೆ. ಮೊದಲನೆಯದು ಇಲ್ಲಿ ಆಗುವುದೇ ಇಲ್ಲ. ಎರಡನೆಯದು ಗಾಳಿಯಿಂದ ಆಗುತ್ತದೆ.

ಮೊದಲು ಗಾಳಿಯನ್ನು ಮರೆತು ಲೆಕ್ಕ ಹಾಕೋಣ. ವಿಮಾನ ಗಂಟೆಗೆ 360 ಕಿ.ಮೀ., ಅಂದರೆ ಸೆಕೆಂಡಿಗೆ 100 ಮೀಟರ್ ವೇಗದಲ್ಲಿ 490 ಮೀಟರ್ ಎತ್ತರದಲ್ಲಿದೆ ಎಂದುಕೊಳ್ಳಿ. ಅಷ್ಟು ಎತ್ತರದಿಂದ ನೆಲ ಮುಟ್ಟಲು ಮೂಟೆಗೆ 10 ಸೆಕೆಂಡು ಬೇಕು. ಕೈಬಿಟ್ಟ ಕ್ಷಣದಲ್ಲಿ ಮೂಟೆಗೂ ಸೆಕೆಂಡಿಗೆ 100 ಮೀಟರ್ ಮುಂದಿನ ವೇಗ ಇದ್ದೇ ಇತ್ತು, ಅದನ್ನು ಕಸಿದುಕೊಳ್ಳುವ ಬಲ ಯಾವುದೂ ಇಲ್ಲ. ಆದ್ದರಿಂದ ಅದು ಬಿಟ್ಟ ಜಾಗದಿಂದ 1000 ಮೀಟರ್ ಮುಂದೆ ಬೀಳುತ್ತದೆ. ಅದೇ 10 ಸೆಕೆಂಡುಗಳಲ್ಲಿ ವಿಮಾನವೂ 1000 ಮೀಟರ್ ಮುಂದೆ ಹೋಗಿರುತ್ತದೆ. ಹಾಗಾಗಿ ಬಾಗಿಲಲ್ಲಿ ನಿಂತು ಬಗ್ಗಿ ನೋಡುವವರಿಗೆ ಮೂಟೆ ಕೊನೆಯವರೆಗೂ ತಮ್ಮ ನೇರ ಕೆಳಗೇ ಇಳಿಯುತ್ತ ಹೋಗುವುದು ಕಾಣುತ್ತದೆ. ಹೊಲದಲ್ಲಿ ನಿಂತು ನೋಡುವವರಿಗೆ ಅದೇ ಮೂಟೆ ಪರವಲಯದಲ್ಲಿ, ಅಂದರೆ ಎಸೆದ ಚೆಂಡು ಹಿಡಿಯುವಂಥ ಬಾಗಿದ ದಾರಿಯಲ್ಲಿ, ಬಾಗಿ ಬರುತ್ತದೆ. ಎರಡೂ ನೋಟಗಳು ನಿಜ.

ಇದನ್ನು ನಂಬಲು ವಿಮಾನ ಬೇಕಿಲ್ಲ. ಗಂಟೆಗೆ 72 ಕಿ.ಮೀ. ವೇಗದಲ್ಲಿ ಒಂದೇ ಸಮನೆ ಓಡುವ ರೈಲಿನ ಬೋಗಿಯೊಳಗೆ, ಎದೆಮಟ್ಟದಿಂದ ಒಂದು ನಾಣ್ಯವನ್ನು ಬಿಟ್ಟು ನೋಡಿ. ಅದು ಬೀಳಲು ಅರ್ಧ ಸೆಕೆಂಡು ಬೇಕು. ಅಷ್ಟರಲ್ಲಿ ಬೋಗಿ 10 ಮೀಟರ್ ಮುಂದೆ ಹೋಗಿರುತ್ತದೆ. ಆದರೂ ನಾಣ್ಯ ನಿಮ್ಮ ಚಪ್ಪಲಿಯ ಪಕ್ಕದಲ್ಲೇ ಬಿದ್ದು ಸದ್ದು ಮಾಡುತ್ತದೆ. ಗಾಸೆಂದಿ ಎಂಬ ಫ್ರೆಂಚ್ ವಿಜ್ಞಾನಿ 1640ರಲ್ಲಿ ಫ್ರಾನ್ಸಿನ ಮಾರ್ಸೇ ಬಂದರಿನ ಬಳಿ ಹುಟ್ಟುಗೋಲುಗಳಿಂದ ವೇಗವಾಗಿ ಓಡಿಸುತ್ತಿದ್ದ ಹಡಗಿನ ಕಂಬದ ತುದಿಯಿಂದ ಕಲ್ಲು ಬಿಡಿಸಿ, ಅದು ಕಂಬದ ಬುಡದಲ್ಲೇ ಬೀಳುವುದನ್ನು ತೋರಿಸಿದ್ದ. ಮುನ್ನೂರೆಂಬತ್ತು ವರ್ಷಗಳ ಹಿಂದೆ ಕಣ್ಣಾರೆ ಕಂಡು ತೀರ್ಮಾನವಾದ ಸಂಗತಿಯನ್ನು ಶುಲ್ಕ ಪಡೆದು ತಲೆಕೆಳಗಾಗಿ ಹೇಳಿಕೊಡುವುದನ್ನು ನಾನು ಸಣ್ಣ ತಪ್ಪೆಂದು ಎಣಿಸಲಾರೆ.

ಈಗ ನಿಮ್ಮ ವಿಡಿಯೊಗಳಿಗೆ ಬರೋಣ. ನಿಜವಾದ ಮೂಟೆಗೆ ಎದುರುಗಾಳಿ ಬಡಿಯುತ್ತದೆ. ವಿಮಾನಕ್ಕೆ ಎಂಜಿನ್ ಇದೆ, ಮೂಟೆಗೆ ಇಲ್ಲ. ಮೂಟೆಯ ಮುಂದಿನ ವೇಗ ಸ್ವಲ್ಪಸ್ವಲ್ಪವಾಗಿ ಕುಗ್ಗುತ್ತದೆ, ವಿಮಾನ ಮುಂದೆ ಸಾಗುತ್ತದೆ, ಆದ್ದರಿಂದ ವಿಮಾನದಲ್ಲಿರುವ ಕ್ಯಾಮೆರಾಕ್ಕೆ ಅದು ಹಿಂದೆ ಸರಿದಂತೆ ಕಾಣುತ್ತದೆ. ನೆಲದ ಲೆಕ್ಕದಲ್ಲಿ ಅದು ಆಗಲೂ ಮುಂದಕ್ಕೇ ಹೋಗುತ್ತಿರುತ್ತದೆ. ಪ್ಯಾರಾಚೂಟ್ ಕಟ್ಟಿದ್ದರೆ ಮುಂದಿನ ವೇಗ ಬೇಗನೆ ಮುಗಿದು, ಆಮೇಲೆ ಬೀಸುವ ಗಾಳಿ ಒಯ್ದತ್ತ ಹೋಗುತ್ತದೆ. 1948ರಲ್ಲಿ ಬರ್ಲಿನ್‌ನ ಟೆಂಪಲ್‌ಹಾಫ್ ವಿಮಾನ ನಿಲ್ದಾಣದ ಬೇಲಿಯಾಚೆ ಕಾದು ನಿಂತ ಮಕ್ಕಳಿಗೆ ಅಮೆರಿಕದ ಪೈಲಟ್ ಗೇಲ್ ಹಾಲ್ವರ್ಸನ್ ಕರವಸ್ತ್ರದ ಪುಟ್ಟ ಪ್ಯಾರಾಚೂಟ್ ಕಟ್ಟಿ ಮಿಠಾಯಿ ಬಿಡುತ್ತಿದ್ದರು; ಅಂಥ ಹಗುರ ಪೊಟ್ಟಣಕ್ಕೆ ಪರವಲಯದ ಸೂತ್ರ ಹಚ್ಚಿದರೆ ಉತ್ತರ ತಪ್ಪುತ್ತದೆ. ಭಾರವಾದ, ಗಾಳಿಯನ್ನು ಸೀಳುವ ಆಕಾರದ ವಸ್ತುವಿಗಾದರೆ ಸೂತ್ರ ಬಹುಮಟ್ಟಿಗೆ ಹೊಂದುತ್ತದೆ. 1945ರ ಆಗಸ್ಟ್ 6ರಂದು ಹಿರೋಷಿಮಾದ ಮೇಲೆ ಅಣುಬಾಂಬು ಬಿಟ್ಟ ವಿಮಾನ ಒಡನೆಯೇ ಸುಮಾರು 155 ಡಿಗ್ರಿ ತಿರುಗಿ ದೂರ ಹೋಗಬೇಕಾಯಿತು. ನೇರವಾಗಿ ಹಾರಿದ್ದರೆ ಸ್ಫೋಟ ಹೆಚ್ಚುಕಡಿಮೆ ಅದರ ಕೆಳಗೇ ಆಗುತ್ತಿತ್ತು.

ಇನ್ನೊಂದು ಮಾತು, ಪರೀಕ್ಷೆಯಲ್ಲಿ ಅಂಕ ಕಳೆಯುವಂಥದ್ದು. ನೆಲ ಮುಟ್ಟುವಾಗ ಮೂಟೆಯ ವೇಗ ಸೆಕೆಂಡಿಗೆ 98 ಮೀಟರ್ ಎಂದು ಬರೆದು ನಿಲ್ಲಿಸಬೇಡಿ. ಅದು ಕೆಳಮುಖ ವೇಗ ಮಾತ್ರ. ಅದರ ವರ್ಗಕ್ಕೆ ಮುಂದಿನ ವೇಗವಾದ 100ರ ವರ್ಗವನ್ನೂ ಕೂಡಿಸಿ ವರ್ಗಮೂಲ ತೆಗೆದರೆ 140 ಬರುತ್ತದೆ, ಅಂದರೆ ಗಂಟೆಗೆ ಸುಮಾರು 504 ಕಿ.ಮೀ. ನೆರೆ ಸಂತ್ರಸ್ತರಿಗೆ ಅಕ್ಕಿ ಮೂಟೆಯನ್ನು ಇಷ್ಟು ಎತ್ತರದಿಂದ ಹಾಗೆಯೇ ಏಕೆ ಬಿಡುವುದಿಲ್ಲ ಎಂಬುದು ಇದರಿಂದಲೇ ತಿಳಿಯುತ್ತದೆ. ಗಾಳಿ ಆ ವೇಗವನ್ನು ತಗ್ಗಿಸಿದರೂ ಚೀಲ ಒಡೆಯುತ್ತದೆ, ಕೆಳಗಿರುವವರ ಜೀವಕ್ಕೂ ಅಪಾಯ.

ಪ್ರಶ್ನೆ: ಭೂಮಿ ತಿರುಗುತ್ತಿದ್ದರೆ, ಬೆಂಗಳೂರಿನ ಮೇಲೆ ಹೆಲಿಕಾಪ್ಟರನ್ನು ಒಂದೇ ಕಡೆ ನಿಲ್ಲಿಸಿಕೊಂಡರೆ ಬೇರೆ ಊರು ಕೆಳಗೆ ಬರಬೇಕಲ್ಲವೇ?

ಉತ್ತರ: ಬರುವುದಿಲ್ಲ. ಬೆಂಗಳೂರಿನ ನೆಲ ಪೂರ್ವಕ್ಕೆ ಗಂಟೆಗೆ ಸುಮಾರು 1,600 ಕಿ.ಮೀ. ವೇಗದಲ್ಲಿ ಸಾಗುತ್ತಿದೆ, ಹೆಲಿಕಾಪ್ಟರೂ ಅದರ ಸುತ್ತಲಿನ ಗಾಳಿಯೂ ಅದೇ ವೇಗವನ್ನು ಹೊತ್ತಿವೆ. ಭೂಮಿ ಚಪ್ಪಟೆ ಎಂದು ಸಾಧಿಸಲು ಈ ಪ್ರಶ್ನೆಯನ್ನು ಹಂಚುವವರ ವಿಡಿಯೊಗಳನ್ನು ಮಕ್ಕಳಿಗೆ ಕಳುಹಿಸಬೇಡಿ.

ಪ್ರಶ್ನೆ: ವಿಮಾನ ಮೇಲೇರುತ್ತಿರುವಾಗ ಬಿಟ್ಟರೆ?

ಉತ್ತರ: ಮೇಲ್ಮುಖ ವೇಗ ಸೆಕೆಂಡಿಗೆ 20 ಮೀಟರ್ ಇದ್ದರೆ, ಮೂಟೆ ಮೊದಲು ಸುಮಾರು 2 ಸೆಕೆಂಡು ಮೇಲೇರಿ, ಬಿಟ್ಟ ಎತ್ತರಕ್ಕಿಂತ 20 ಮೀಟರ್ ಮೇಲೆ ಹೋಗಿ, ಆಮೇಲೆ ಇಳಿಯುತ್ತದೆ.

ಪ್ರಶ್ನೆ: ಡ್ರೋನಿನಿಂದ ಕಲ್ಲು ಬಿಟ್ಟು ಈ ಲೆಕ್ಕವನ್ನು ಪರೀಕ್ಷಿಸಬಹುದೇ?

ಉತ್ತರ: ಖಂಡಿತ ಬೇಡ. 50 ಮೀಟರ್ ಎತ್ತರದಿಂದ ಬಿದ್ದ ಕಲ್ಲು ಗಂಟೆಗೆ ಸುಮಾರು 110 ಕಿ.ಮೀ. ವೇಗದಲ್ಲಿ ಯಾರದೋ ತಲೆಯ ಮೇಲೆ ಬೀಳಬಹುದು. ಮನೆಯ ಮೇಜು ಸಾಕು. ಗೋಲಿಯೊಂದನ್ನು ಮೇಜಿನ ಅಂಚಿನಿಂದ ಉರುಳಿಸಿ, ಅದು ಬೀಳುವ ಕಡೆ ಒಂದು ತಟ್ಟೆಯಲ್ಲಿ ರಾಗಿ ಹಿಟ್ಟು ಹರಡಿಡಿ. ಮೇಜಿನ ಎತ್ತರ 78 ಸೆಂಟಿಮೀಟರ್ ಇದ್ದರೆ ಬೀಳುವ ಸಮಯ 0.4 ಸೆಕೆಂಡು, ಗೋಲಿ ಸೆಕೆಂಡಿಗೆ 1 ಮೀಟರ್ ವೇಗದಲ್ಲಿ ಅಂಚು ದಾಟಿದರೆ ಹಿಟ್ಟಿನ ಮೇಲಿನ ಗುಳಿ ಮೇಜಿನ ಬುಡದಿಂದ 40 ಸೆಂಟಿಮೀಟರ್ ಮುಂದೆ ಇರಬೇಕು. ಸ್ಕೇಲು ಹಿಡಿದು ಅಳೆದು ನೋಡಿ.